ಸೇವ್ ಮಾಡಿಕೊಂಡ ಹೆಸರು

ಧನ್ಯಾಗೆ ಆ ಉಪಾಯ ಹೊಳೆದ ದಿನ, ತನ್ನಷ್ಟು ಬುದ್ಧಿವಂತೆ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇನ್ನೊಬ್ಬಳಿಲ್ಲ ಅಂದುಕೊಂಡಿದ್ದಳು. ಅಂದುಕೊಳ್ಳಲಿ ಬಿಡಿ. ಇಪ್ಪತ್ತಾರನೇ ವಯಸ್ಸಲ್ಲಿ ಹಾಗನ್ನಿಸದೆ ಇನ್ಯಾವಾಗ ಅನ್ನಿಸಬೇಕು? ಬುದ್ಧಿ ಓಡಿಸಿದವಳು ಅವಳು, ಪೆಟ್ಟು ತಿಂದವಳು ಇನ್ನೊಬ್ಬಳು, ಅಷ್ಟೇ ವಿಷಯ.

ವಸ್ತಾರೆಯ ಹುಡುಗಿ ಧನ್ಯಾ, ಡಿಸೈನ್ ಓದಿಕೊಂಡು ಹರ್ಷವರ್ಧನನ ಕಂಪನಿ ಸೇರಿದ್ದಳು. ಕಂಪನಿ ಅಂದರೆ ದೊಡ್ಡದೇನಲ್ಲ, ಚಿಕ್ಕಮಗಳೂರಿನಲ್ಲಿ ಅವನ ಅಪ್ಪನ ಹಳೇ ಕಾಫಿ ಗೋಡೌನಿನ ಮಹಡಿ, ಏಳು ಜನ, ಏಳು ಕಂಪ್ಯೂಟರು, ಮೂಗಿಗೆ ದಿನವಿಡೀ ಸಿಪ್ಪೆ ಸಮೇತ ಒಣಗಿಸಿದ ಚೆರಿ ಕಾಫಿಯ ವಾಸನೆ. ಅಲ್ಲಿ ಕೂತು ಅವರು ಕಟ್ಟೆಮನೆ ಆಟವನ್ನು ಫೋನಿಗೆ ತರುತ್ತಿದ್ದರು. ಕವಡೆ ಹಾಕಿ ಕಾಯಿ ನಡೆಸಿ ಹಣ್ಣು ಮಾಡುವ ನಮ್ಮ ಅಜ್ಜಿಯರ ಆಟವೇ. ತೋಟದ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇವತ್ತಿಗೂ ಸಂಜೆ ಹೊತ್ತು ಹೆಂಗಸರು ಜಗಲಿ ಮೇಲೆ ಸುಣ್ಣದಲ್ಲಿ ಮನೆ ಬರೆದು ಆಡುವುದು ಇದನ್ನೇ.

ತೊಂದರೆ ಬಂದದ್ದು ಫೋನ್ ನಂಬರಿನ ವಿಷಯದಲ್ಲಿ. ಒಬ್ಬನೇ ಹತ್ತು ಹೆಸರಲ್ಲಿ ಸೇರಿ ತನಗೆ ತಾನೇ ಸೋತು ಗೆಲ್ಲಬಾರದಲ್ಲ, ಅದಕ್ಕೆ ಆಡುವವನು ಯಾರು, ನಂಬರು ಅವನದೇ ಹೌದಾ ಅಂತ ಖಾತ್ರಿ ಆಗಬೇಕು. ಎಲ್ಲ ಕಡೆ ಒಟಿಪಿ ಕಳಿಸುತ್ತಾರೆ. ಆದರೆ ಕಳಸದ ಕಡೆ ಎಸ್ಟೇಟುಗಳಲ್ಲಿ ಸಿಗ್ನಲ್ಲು ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ. ಅಲ್ಲಿ ನಿಂತು ಮೆಸೇಜಿಗೆ ಕಾದು, ಆರು ಅಂಕಿ ಹುಡುಕಿ ಒತ್ತುವಷ್ಟರಲ್ಲಿ ಟೈಮು ಮುಗಿದಿರುತ್ತದೆ. ಓದೋಕೇ ಬಾರದವರ ಪಾಡಂತೂ ಕೇಳಲೇಬೇಡಿ.

ಧನ್ಯಾ ಹೇಳಿದಳು: "ಒಟಿಪಿ ಬೇಡ. ಊರವರನ್ನೇ ಕೇಳೋಣ."

ಅವಳ ಲೆಕ್ಕ ಹೀಗಿತ್ತು. ಆಟಕ್ಕೆ ಸೇರಿದವರೆಲ್ಲ ತಮ್ಮ ಫೋನಿನಲ್ಲಿರುವ ಹೆಸರುಗಳನ್ನು ನೋಡೋಕೆ ಒಪ್ಪಿಗೆ ಕೊಟ್ಟೇ ಕೊಡುತ್ತಾರೆ. ಯಾರು ಓದುತ್ತಾರೆ, ಒತ್ತುತ್ತಾರೆ ಅಷ್ಟೇ. ಹೊಸಬರು ಬಂದರೆ ಅವರ ನಂಬರು ಬೇರೆಯವರ ಫೋನಿನಲ್ಲಿ ಯಾವ ಹೆಸರಲ್ಲಿದೆ ಅಂತ ಆ್ಯಪೇ ಹುಡುಕುತ್ತದೆ. ಮೂರು ಫೋನಿನಲ್ಲಿ ಒಂದೇ ಹೆಸರು ಸಿಕ್ಕಿತೋ, ಆಸಾಮಿ ಖಾತ್ರಿ. ಅದೇ ಹೆಸರನ್ನು ಗಟ್ಟಿಯಾಗಿ ಹೇಳಿ, ಇದು ನೀವೇ ತಾನೆ ಅಂತ ಕೇಳುತ್ತದೆ. ಟೈಪು ಮಾಡೋದು ಬೇಡ, ಓದೋದು ಬೇಡ. ಮೊದಲು 'ಹೌದು', 'ಅಲ್ಲ' ಅಂತ ಎರಡು ಬಟನ್ ಇಟ್ಟಿದ್ದಳು. 'ಅಲ್ಲ' ಒತ್ತಿದವರು ಆಟ ಬಿಟ್ಟು ಹೋಗುವುದನ್ನು ಕಂಡು ಹರ್ಷ ಮುಖ ಸಿಂಡರಿಸಿದ. ಮಾರನೇ ದಿನ ಧನ್ಯಾ ತಾನೇ 'ಅಲ್ಲ' ಅನ್ನೋದನ್ನು ಕಿತ್ತುಹಾಕಿದಳು.

ಹೆಸರುಗಳು ಬರತೊಡಗಿದ ಮೇಲೆ ಆಫೀಸಿನಲ್ಲಿ ಒಂದು ವಾರ ಯಾರೂ ಕೆಲಸ ಮಾಡಲಿಲ್ಲ, ಬರೀ ನಗು. 'ಜೆಸಿಬಿ ಅಶ್ವಿನ್' ಬಂದ. 'ಎತ್ತಬೇಡ ಮಾರಯ್ಯ' ಬಂದ, ಅದೂ ಹದಿನಾಲ್ಕು ಫೋನಿನಿಂದ. 'ಎರಡು ಮನೆ ರುದ್ರಪ್ಪ' ಬಂದ. ಧನ್ಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಾಪ, ರುದ್ರಪ್ಪನ ಮನೆಯಲ್ಲಿ ಇದು ಗೊತ್ತಾದರೆ ಏನು ಗತಿ ಅಂತ ಒಬ್ಬರೂ ಕೇಳಲಿಲ್ಲ. ಹರ್ಷ ಮಾತ್ರ ನಗು ಮುಗಿಸಿ, "ಇದೇ ನಮ್ಮ ಬಂಡವಾಳ ಮಾರಾಯ್ತಿ, ಒಂದು ಅಕ್ಷರ ಯಾರೂ ತಿದ್ದೋ ಹಾಗಿಲ್ಲ" ಅಂದ.

ಈಗ ದೇವೀರಮ್ಮನ ವಿಷಯ ಹೇಳಬೇಕು.

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಒಳಗೆ ನಾಲ್ಕು ಮೈಲಿ ನಡೆದರೆ ಗುಮ್ಮನಕಾನು ಎಸ್ಟೇಟು. ದೇವೀರಮ್ಮ ಅಲ್ಲಿನ ಲೈನಿನವಳು, ನಲವತ್ತರ ಆಸುಪಾಸು. ಒಂಬತ್ತು ವರ್ಷದ ಹಿಂದೆ ಅವಳ ಮಗಳು, ಆರು ವರ್ಷದ ಸ್ವಾತಿ, ಎಸ್ಟೇಟಿನ ಕೆರೆಗೆ ಬಿದ್ದು ತೀರಿಕೊಂಡಿದ್ದಳು. ದೇವೀರಮ್ಮ ಕೊಯ್ಲಿಗೆ ಹೋಗುವಾಗ ಮಗುವನ್ನು ಕೆರೆ ಏರಿ ಮೇಲೆ ಕೂರಿಸಿ, ಬುತ್ತಿ ಕೈಗೆ ಕೊಟ್ಟು, ಅಲ್ಲಾಡಬೇಡ ಅಂತ ಹೇಳಿ ಹೋಗಿದ್ದಳು. ಎಲ್ಲ ತಾಯಂದಿರೂ ಹಾಗೇ ಹೋಗುತ್ತಿದ್ದರು. ಅವಳ ಮಗು ಅಲ್ಲಾಡಿತು. ಆಮೇಲೆ ಏಳೆಂಟು ವರ್ಷ ದೇವೀರಮ್ಮ ಮದುವೆಗೆ ಹೋಗಲಿಲ್ಲ, ನಾಮಕರಣಕ್ಕೆ ಹೋಗಲಿಲ್ಲ, ನಲ್ಲಿ ಹತ್ತಿರ ಇನ್ನೊಬ್ಬರಿದ್ದರೆ ಕೊಡ ತಗೊಂಡು ವಾಪಸು ಬರುತ್ತಿದ್ದಳು. ಅವಳನ್ನು ಮತ್ತೆ ಜಗಲಿಗೆ ಎಳೆದದ್ದು ಕಟ್ಟೆಮನೆ. ಪಕ್ಕದ ಮನೆ ರಂಗಮ್ಮ ಒಂದು ದಿನ ಆಟಕ್ಕೆ ಕೈ ಕಮ್ಮಿ ಅಂತ ಕೈ ಹಿಡಿದು ಕೂರಿಸಿದಳು. ಕೂತವಳು ಎಲ್ಲರನ್ನೂ ಸೋಲಿಸಿ ಎದ್ದಳು. ಅವತ್ತಿಂದ ಬೇರೆ ಲೈನಿನವರೂ ಅವಳ ಎದುರು ಆಡಬೇಕು ಅಂತ ಬರತೊಡಗಿದರು.

ಧನ್ಯಾ ಆಟ ನೋಡೋಕೆ ಗುಮ್ಮನಕಾನಿಗೆ ಹೋದಾಗ ಸಿಕ್ಕಿದ್ದು ಈ ದೇವೀರಮ್ಮ. ನಾಲ್ಕು ತಿಂಗಳಲ್ಲಿ 'ಮೇಡಂ' ಹೋಗಿ 'ಧನ್ಯಾ' ಆಯಿತು, 'ನೀವು' ಹೋಗಿ 'ನೀನು' ಆಯಿತು. ಧನ್ಯಾಳ ಫೋನಿನಲ್ಲಿ ಆಡೋದನ್ನು ದೇವೀರಮ್ಮ ಒಂದೇ ಮಧ್ಯಾಹ್ನದಲ್ಲಿ ಕಲಿತಳು. ಅಕ್ಷರ ಬಾರದಿದ್ದರೇನು, ಕವಡೆ ಎಣಿಸೋಕೆ ಅಕ್ಷರ ಬೇಕಾ?

ಕೊಯ್ಲು ಮುಗಿದ ಮೇಲೆ ಮೂಡಿಗೆರೆಯ ಸಮುದಾಯ ಭವನದಲ್ಲಿ ಆಟ ಬಿಡುಗಡೆ ಅಂತ ನಿಶ್ಚಯವಾಯಿತು. ವೇದಿಕೆ ಮೇಲೆ ಆಡೋಕೆ ದೇವೀರಮ್ಮ ಬರಬೇಕು ಅಂತ ಹರ್ಷ ಹಟ ಹಿಡಿದ. ಧನ್ಯಾ ಹೋಗಿ ಕೇಳಿದಾಗ ದೇವೀರಮ್ಮ ಕವಡೆಗಳನ್ನು ಒಂದೊಂದಾಗಿ ಎತ್ತಿಟ್ಟಳು. ಆಮೇಲೆ, "ಮೈಕಲ್ಲಿ ನನ್ನನ್ನ ಏನಂತ ಕರೀತೀರಿ?" ಅಂತ ಕೇಳಿದಳು.

"ಊರವರು ಏನಂತಾರೋ ಅದೇ ಬರುತ್ತೆ ಅಕ್ಕ. ಅದನ್ನ ಮಾಡಿದ್ದೇ ನಾನು."

ದೇವೀರಮ್ಮನ ಮುಖ ಅರಳಿತು. "ಹಾಗಾದ್ರೆ ಆಟದ ದೇವೀರಮ್ಮ ಅಂತ ಬರುತ್ತೆ. ಈಗ ಎಲ್ಲ ಹಾಗೇ ಅಂತಾರೆ ಕಣೇ. ಮೊದಲು ನಾನು ಹೋಗ್ತಿದ್ರೆ ಮಾತು ನಿಲ್ಲಿಸ್ತಿದ್ರು. ಈಗ, ಬಂದ್ಲು ನೋಡ್ರೇ ಆಟದ ದೇವೀರಮ್ಮ ಅಂತ ಜಾಗ ಬಿಡ್ತಾರೆ. ಮರೆತ್ರು. ಊರು ಮರೀತು. ಅದನ್ನ ಮೈಕಲ್ಲಿ ಒಂದ್ಸಲ ಕೇಳ್ಬೇಕು ನಂಗೆ." ಹೇಳುತ್ತ ಹೇಳುತ್ತ ಅತ್ತಳು. ವಾಪಸು ಹೋಗುವಾಗ ಧನ್ಯಾ, ತನ್ನ ಕೆಲಸದಿಂದ ಒಬ್ಬಳಿಗೆ ಇಷ್ಟು ಸಂತೋಷ ಸಿಗುತ್ತದಲ್ಲ ಅಂತ ಬಸ್ಸಿನಲ್ಲಿ ಕೂತು ಹೆಮ್ಮೆಪಟ್ಟಳು.

ಬಿಡುಗಡೆಗೆ ಮೂರು ದಿನ ಇರುವಾಗ ಅವಳು ವೇದಿಕೆಗೆ ಬರುವವರ ಹೆಸರುಗಳನ್ನೆಲ್ಲ ಒಂದು ಸಲ ತೆಗೆದು ನೋಡಿದಳು. ದೇವೀರಮ್ಮನ ನಂಬರು ಐದು ಫೋನಿನಲ್ಲಿ ಒಂದೇ ಹೆಸರಲ್ಲಿತ್ತು. ಆ್ಯಪು ಖುಷಿಯಾಗಿ ಹಸಿರು ಟಿಕ್ಕು ಹಾಕಿ ಕೂತಿತ್ತು: 'ಕೆರೆ ದೇವೀರಮ್ಮ'.

'ಆಟದ ದೇವೀರಮ್ಮ' ಅಂತ ಇದ್ದದ್ದು ಒಂದೇ ಒಂದು ಫೋನಿನಲ್ಲಿ. ಅದು ಧನ್ಯಾಳದೇ.

ಅವಳು ಹರ್ಷನ ಹತ್ತಿರ ಓಡಿದಳು. ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡ, ಇಲ್ಲ ಅನ್ನೋ ಹಾಗಿಲ್ಲ. ಕೊನೆಗೆ, "ಕೆರೆ ಅನ್ನೋದು ಬೈಗುಳ ಅಲ್ವಲ್ಲ" ಅಂದ.

"ಸರ್, ಅವರ ಮಗು ಸತ್ತಿದ್ದು ಅಲ್ಲಿ."

"ಅದು ಗುಮ್ಮನಕಾನಿನವ್ರಿಗೆ ಗೊತ್ತು. ಮೂಡಿಗೆರೇಲಿ ಯಾರಿಗೆ ಗೊತ್ತು? ಕೆರೆ ಪಕ್ಕ ಮನೆ ಅಂದ್ಕೋತಾರೆ. ನೋಡು, ಯಾರೂ ತಿದ್ದೋಕಾಗಲ್ಲ ಅಂತ ನಾನು ಬಿಡುಗಡೆ ದಿನ ವೇದಿಕೆ ಮೇಲೆ ಹೇಳೋನು. ಮೂರು ದಿನ ಮುಂಚೆ ನಾನೇ ತಿದ್ದಲಾ? ಅಷ್ಟು ಸಂಕಟ ಆದ್ರೆ ಹೋಗಿ ಊರವರ ಹತ್ರ ಹೆಸರು ಬದಲಾಯ್ಸು. ನಿನ್ನ ನಿಯಮ ತಾನೇ."

ಮಾತು ಕಲ್ಲಿನಂಥದ್ದು, ಆದರೆ ತಪ್ಪಿರಲಿಲ್ಲ. ಒಮ್ಮೆ ಟಿಕ್ಕು ಬಿದ್ದ ಹೆಸರು ಮೂರು ಫೋನಿನಲ್ಲಿ ಇರುವವರೆಗೂ ಬದಲಾಗುವುದಿಲ್ಲ; ಐದರಲ್ಲಿ ಮೂರು ಫೋನಿನಲ್ಲಿ ಅದನ್ನು 'ಆಟದ ದೇವೀರಮ್ಮ' ಮಾಡಿದರೆ ಟಿಕ್ಕು ಆ ಹೆಸರಿಗೆ ಹೋಗುತ್ತದೆ. ಮಾರನೇ ದಿನ ಬೆಳಗಿನ ಬಸ್ಸಿಗೇ ಧನ್ಯಾ ಕಳಸಕ್ಕೆ ಹೊರಟಳು.

ಮೊದಲು ಸಿಕ್ಕಿದ್ದು ಪುಟ್ಟಸ್ವಾಮಿ, ಎಸ್ಟೇಟಿನ ರೈಟರು. ಹಾಜರಿ ಬರೆಯುವ ಮನುಷ್ಯ, ಯಾರಿಗೂ ಕೇಡು ಬಗೆದವನಲ್ಲ. ಫೋನು ತೆಗೆದು ತೋರಿಸಿದ. "ಎಂತ ಮಾಡೋದು ಮೇಡಂ, ಈ ಕಡೆ ಮನೆಗೊಬ್ಬ ದೇವೀರಮ್ಮ. ನೋಡಿ, ಅಂಗನವಾಡಿ ದೇವೀರಮ್ಮ, ಮೇಲಿನ ಲೈನ್ ದೇವೀರಮ್ಮ, ಹಾಲಿನ ದೇವೀರಮ್ಮ. ಇವ್ರು ಕೆರೆ ದೇವೀರಮ್ಮ. ಗುರುತಿಗೆ ಒಂದು ಬೇಕಲ್ಲ."

"ಬೇರೆ ಗುರುತು ಸಿಗಲಿಲ್ವಾ ನಿಮಗೆ?"

ಪುಟ್ಟಸ್ವಾಮಿ ತಲೆ ಕೆರೆದುಕೊಂಡ. "ನಾನು ಬರೆದದ್ದಲ್ಲ ಇದು. ನಂಬರು ಕೇಳ್ದಾಗ ಬಸವರಾಜು ವಾಟ್ಸಾಪಲ್ಲಿ ಕಳಿಸ್ದ. ಬಂದದ್ದು ಹಾಗೇ ಸೇವ್ ಆಯ್ತು, ಅಷ್ಟೇ." ಹೇಳಿ, ಪಾಪ, ಅಲ್ಲೇ ಹೆಸರು ಬದಲಾಯಿಸಿದ.

ರಂಗಮ್ಮನ ಫೋನಿನಲ್ಲೂ ಅದೇ ಕಥೆ. ಅವಳಿಗೆ ಓದೋಕೆ ಬರುವುದಿಲ್ಲ, ಏನು ಬರೆದಿದೆ ಅನ್ನೋದೇ ಗೊತ್ತಿರಲಿಲ್ಲ. ಧನ್ಯಾ ಓದಿ ಹೇಳಿದಾಗ ಎದೆ ಹಿಡಿದುಕೊಂಡಳು. "ಅಯ್ಯೋ ನನ್ನ ತಾಯಿ, ಇದನ್ನ ಇಟ್ಕೊಂಡು ಓಡಾಡ್ತಿದ್ನಾ ನಾನು? ಬಸವರಾಜು ಕಳಿಸಿದ್ದು ಇದು. ತೆಗಿ, ತೆಗಿ ಮಾರಾಯ್ತಿ." ಧನ್ಯಾ ತೆಗೆದಳು. ಇನ್ನಿಬ್ಬರು ಗಂಡ ಹೆಂಡತಿ, ಕುದುರೆಮುಖದಾಚೆ ನೆಂಟರ ಮನೆಗೆ ಹೋಗಿದ್ದರು, ಫೋನು ಹತ್ತಲಿಲ್ಲ. ಉಳಿದದ್ದು ಒಂದೇ ಫೋನು.

ಅದು ಬಸವರಾಜುವಿನದು. ಬಸವರಾಜು ಅಂದರೆ ದೇವೀರಮ್ಮನ ಗಂಡ.

ಅವನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಒಬ್ಬನೇ ಮಿಷನ್ ತೊಳೆಯುತ್ತಿದ್ದ. ಮಾತು ಕಮ್ಮಿಯ ಆಳು. ಕುಡಿಯೋನಲ್ಲ, ಹೆಂಡತಿಗೆ ಕೈ ಎತ್ತಿದವನಲ್ಲ. ಬಸವರಾಜುವಿನಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಅಂತ ಲೈನಿನ ಹೆಂಗಸರು ಅನ್ನುವುದನ್ನು ಧನ್ಯಾ ಎಷ್ಟೋ ಸಲ ಕೇಳಿದ್ದಳು. ಏನೋ ಹೆಚ್ಚುಕಮ್ಮಿಯಾಗಿ ಬರೆದಿರಬೇಕು, ಹೇಳಿದರೆ ತಕ್ಷಣ ತೆಗೆಯುತ್ತಾನೆ ಅಂತಲೇ ಅವಳು ಹೋದದ್ದು.

"ಅಣ್ಣ, ನಿಮ್ಮ ಫೋನಲ್ಲಿ ಅಕ್ಕನ ಹೆಸರು ಕೆರೆ ದೇವೀರಮ್ಮ ಅಂತಿದೆ."

"ಹೌದು."

"ಯಾರು ಹಾಕಿದ್ದು?"

"ನಾನೇ." ಅವನು ನೀರಿನ ಪೈಪು ಕೆಳಗಿಡಲಿಲ್ಲ.

ಧನ್ಯಾ ಎಲ್ಲವನ್ನೂ ಬಿಡಿಸಿ ಹೇಳಿದಳು. ನಾಡಿದ್ದು ಮೈಕಿನಲ್ಲಿ ಆ ಹೆಸರು ಕೂಗುತ್ತದೆ, ಅಕ್ಕನ ಮನಸ್ಸು ಒಡೆಯುತ್ತದೆ, ನಿಮ್ಮ ಫೋನು ಒಂದು ಬದಲಾದರೆ ಸಾಕು, ಒಂದೇ ನಿಮಿಷದ ಕೆಲಸ. ಬಸವರಾಜು ಕೊನೆತನಕ ಕೇಳಿದ.

"ಅದರಲ್ಲಿ ಸುಳ್ಳು ಏನಿದೆ ಮೇಡಂ?"

ಅವನು ನೀರು ನಿಲ್ಲಿಸಿದ.

"ಅವಳು ಆಡಲಿ. ನಗಲಿ. ಹೊಸ ಸೀರೆ ಬೇಕು ಅಂದ್ಲು, ಕೊಡಿಸ್ದೆ. ಒಂಬತ್ತು ವರ್ಷದಲ್ಲಿ ಒಂದು ಮಾತು ಬೈದಿಲ್ಲ ನಾನು. ಅವಳು ಮರೀಬಹುದು. ಊರವ್ರೂ ಮರೀಬಹುದು. ಅವಳು ಫೋನ್ ಮಾಡ್ದಾಗೆಲ್ಲ ನಂಗೆ ನನ್ನ ಮಗು ಒಂದ್ಸಲ ಕಣ್ಮುಂದೆ ಬರ್ಬೇಕು. ಅದಕ್ಕೆ ಹಾಕಿದ್ದು."

"ಊರಿಗೆಲ್ಲ ಯಾಕೆ ಕಳಿಸಿದ್ರಿ?"

"ನಂಬರು ಕೇಳಿದ್ರು. ಕಳಿಸ್ದೆ." ಅಷ್ಟು ಹೇಳಿ ಅವನು ಮತ್ತೆ ಮಿಷನ್ನಿಗೆ ನೀರು ಬಿಟ್ಟ. ಆ ಸದ್ದಿನಲ್ಲಿ ಇನ್ನು ಮಾತು ನಡೆಯುವ ಹಾಗಿರಲಿಲ್ಲ.

ಧನ್ಯಾ ದೇವೀರಮ್ಮನ ಮನೆಗೆ ಹೋದಳು. ಬರಬೇಡಿ ಅಕ್ಕ ಅಂತ ಹೇಳಿಬಿಡುವುದು ಅಂತಲೇ ಹೋದದ್ದು. ದೇವೀರಮ್ಮ ಹೊಸ ಸೀರೆ ತೋರಿಸಿದಳು, ಇಡೀ ಲೈನು ಬರುತ್ತದೆ ಅಂದಳು, ಬೆಲ್ಲದ ಕಾಫಿ ಮಾಡಿ ಕೊಟ್ಟಳು. ಧನ್ಯಾ ಕಾಫಿ ಕುಡಿದಳು. ಲೋಟ ತೊಳೆದಿಟ್ಟಳು. ಹೇಳೋಕೆ ಧೈರ್ಯ ಬರಲಿಲ್ಲ, ಹೇಡಿ. ಹರ್ಷನ ಮುಖ ನೆನಪಾಯಿತು, ತನ್ನ ಕೆಲಸ ನೆನಪಾಯಿತು, ಅಷ್ಟು ಜನರೆದುರು ತನ್ನ ಹೆಸರೂ ಹೇಳುತ್ತಾರೆ ಅನ್ನೋದು ನೆನಪಾಯಿತು. ಮೂಡಿಗೆರೆಯಲ್ಲಿ ಯಾರಿಗೆ ಗೊತ್ತು ಅಂತ ಹರ್ಷನ ಮಾತನ್ನೇ ತನಗೆ ತಾನು ಹೇಳಿಕೊಂಡು ಬಸ್ಸು ಹತ್ತಿದಳು.

ಬಿಡುಗಡೆಯ ದಿನ ಸಮುದಾಯ ಭವನ ತುಂಬಿತ್ತು. ಪ್ಲಾಂಟರುಗಳು ಮುಂದಿನ ಕುರ್ಚಿಗಳಲ್ಲಿ, ಗುಮ್ಮನಕಾನಿನ ಇಪ್ಪತ್ತು ಮೂವತ್ತು ಜನ ಹಿಂದಿನ ಬೆಂಚುಗಳಲ್ಲಿ. ಬಸವರಾಜು ಹೆಂಡತಿಯ ಕೈಚೀಲ ಹಿಡಿದು ಗೋಡೆ ಪಕ್ಕ ನಿಂತಿದ್ದ. ದೇವೀರಮ್ಮ ವೇದಿಕೆ ಹತ್ತಿದಳು. ಅವತ್ತೇ ಮೊದಲ ಸಲ ಆ್ಯಪು ಹಾಕಿದ ಅವಳ ಫೋನನ್ನು ದೊಡ್ಡ ಪರದೆಗೂ ಸ್ಪೀಕರಿಗೂ ಸೇರಿಸಿದರು. ಧನ್ಯಾಳೇ ಕೈಯಾರೆ ಸೇರಿಸಿದಳು.

ಆ್ಯಪಿನ ಹೆಣ್ಣು ದನಿ ಪುಸ್ತಕದ ಕನ್ನಡದಲ್ಲಿ ಭವನ ತುಂಬ ಕೇಳಿತು. "ನಮಸ್ಕಾರ, ಕೆರೆ ದೇವೀರಮ್ಮ ಅವರೇ. ಇದು ನೀವೇ ತಾನೆ?"

ಮುಂದಿನ ಕುರ್ಚಿಗಳವರು ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚುಗಳಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ರಂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ದೇವೀರಮ್ಮ ಸುತ್ತ ನೋಡಿದಳು. ಬೇರೆ ಯಾರನ್ನೋ ಕರೆದದ್ದು ಅಂದುಕೊಂಡಳೋ ಏನೋ. ಆಮೇಲೆ ಮೆಲ್ಲಗೆ, "ಇದು ಯಾರು ಹೇಳ್ತಿರೋದು?" ಅಂತ ಕೇಳಿದಳು.

ಹರ್ಷ ಮೈಕು ಹಿಡಿದೇ ನಿಂತಿದ್ದ. "ನಿಮ್ಮ ಊರವರೇ ಕೊಟ್ಟ ಹೆಸರಮ್ಮ! ಯಾರೂ ತಿದ್ದೋಕಾಗಲ್ಲ. ಒತ್ತಿ, ಹೌದು ಅಂತ ಒತ್ತಿ."

ಒತ್ತೋಕೆ ಬೇರೆ ಏನೂ ಇರಲಿಲ್ಲ. ಅವಳು ಒತ್ತಿದಳು.

ಅಲ್ಲಿಗೂ ಮುಗಿಯಲಿಲ್ಲ. ಓದೋಕೆ ಬಾರದವರಿಗೆ ಸುಲಭವಾಗಲಿ ಅಂತ ಧನ್ಯಾ ಪ್ರತಿ ನಡೆಗೂ ದನಿ ಕೊಟ್ಟಿದ್ದಳಲ್ಲ. "ಕೆರೆ ದೇವೀರಮ್ಮ ಅವರ ಸರದಿ." ಕವಡೆ ಬಿತ್ತು. "ಕೆರೆ ದೇವೀರಮ್ಮ ಅವರಿಗೆ ನಾಲ್ಕು." ಎದುರಾಳಿ ಆಡಿದ. "ಕೆರೆ ದೇವೀರಮ್ಮ ಅವರ ಸರದಿ." ಇಪ್ಪತ್ತು ನಿಮಿಷ ಆಟ ನಡೆಯಿತು. ದೇವೀರಮ್ಮ ತಲೆ ಎತ್ತಲಿಲ್ಲ, ಎದ್ದು ಹೋಗಲೂ ಇಲ್ಲ. ಬೆರಳು ತನ್ನ ಪಾಡಿಗೆ ತಾನು ಆಡಿತು, ಒಂದೊಂದೇ ಕಾಯಿ ಹಣ್ಣಾಯಿತು, ಒಂದೊಂದಕ್ಕೂ ಆ ದನಿ ಅವಳನ್ನು ಹೆಸರು ಹಿಡಿದು ಅಭಿನಂದಿಸಿತು. ಅವಳು ಗೆದ್ದಳು. ಭವನ ಎದ್ದು ನಿಂತಿತು. ಧನ್ಯಾ ಪರದೆ ಹಿಂದೆ ವೈರುಗಳ ನಡುವೆ ಕೂತು, ಇದನ್ನು ಮಾಡಿದ್ದು ನಾನು, ನಾನು, ಅಂತ ಅಂದುಕೊಳ್ಳುತ್ತಿದ್ದಳು.

ಸಂಜೆ ಐದಕ್ಕೆ ಅವಳು ಬಸ್ ಸ್ಟ್ಯಾಂಡಿಗೆ ಓಡಿದಳು. ದೇವೀರಮ್ಮ ಕಂಬಕ್ಕೆ ಒರಗಿ ನಿಂತಿದ್ದಳು, ಪಕ್ಕದಲ್ಲಿ ಬಸವರಾಜು. ಲೈನಿನ ಉಳಿದವರು ದೂರ ಇದ್ದರು. ಆ ದೂರ ಒಂಬತ್ತು ವರ್ಷ ಹಿಂದಿನದೇ.

"ಅಕ್ಕ, ನನ್ನ ತಪ್ಪು. ನಂಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ."

ದೇವೀರಮ್ಮ ಅವಳ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. "ನೀನೆಂತ ಮಾಡ್ತೀಯ ಧನ್ಯಾ. ಊರವರ ಮನಸ್ಸಲ್ಲಿ ಇದ್ದದ್ದು ಬಂತು. ಮರೆತ್ರು ಅಂದ್ಕೊಂಡೆ, ನಾನೇ ದಡ್ಡಿ." ಆಮೇಲೆ ಗಂಡನ ಕಡೆ ತಿರುಗಿದಳು. "ಇವ್ರು ಒಬ್ರು ಇದಾರಲ್ಲ. ಆ ಪದ ಇವ್ರ ಬಾಯಲ್ಲಿ ಒಂದು ದಿನ ಬಂದಿಲ್ಲ. ಒಂದು ದಿನ. ಮನೇಲಿ ಅದಿಲ್ಲ ಅನ್ನೋದ್ರಿಂದ ನಾನು ಬದುಕಿದೀನಿ."

ಧನ್ಯಾ ನೆಲ ನೋಡಿದಳು.

"ಇವ್ರ ಫೋನಲ್ಲಿ ನನ್ನ ಹೆಸರು ಏನಂತ ಇದೆ, ಓದಿ ಹೇಳು. ಅದನ್ನ ಕೇಳ್ಕೊಂಡು ಮನೆಗೆ ಹೋಗ್ತೀನಿ." ಬೇಡ ಅನ್ನುವಷ್ಟರಲ್ಲಿ ದೇವೀರಮ್ಮ ಗಂಡನ ನಂಬರು ಒತ್ತಿಯೇ ಬಿಟ್ಟಿದ್ದಳು. ಬಸವರಾಜುವಿನ ಅಂಗಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ತೆಗೆದ. ಕಟ್ ಮಾಡಲಿಲ್ಲ. ಪರದೆಯನ್ನು ಧನ್ಯಾ ಕಡೆ ಹಿಡಿದ.

ಧನ್ಯಾ ನೋಡಿದಳು. "ದೇವಿ ಅಂತ ಇದೆ ಅಕ್ಕ" ಅಂದಳು. "ಬರೀ ದೇವಿ."

ದೇವೀರಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. "ನಂಗೊತ್ತಿತ್ತು" ಅಂದಳು.

"ಓದಿದವ್ರು ನೀವು. ಸುಳ್ಳು ಯಾಕೆ ಓದ್ತೀರಿ ಮೇಡಂ?" ಅಂದ ಬಸವರಾಜು.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಫೋನನ್ನು ಹೆಂಡತಿಯ ಮುಖದ ಹತ್ತಿರ ಹಿಡಿದು, ಮಕ್ಕಳಿಗೆ ಓದು ಹೇಳಿಕೊಡುವ ಹಾಗೆ ಅಕ್ಷರದ ಕೆಳಗೆ ಬೆರಳಿಟ್ಟು, ನಿಧಾನವಾಗಿ ಓದಿದ. "ಕೆ. ರೆ. ದೇ. ವೀ. ರಮ್ಮ." ಓದಿ ಮುಗಿಸಿ, "ಬರೆದಿದ್ದು ನಾನು. ಊರವರಿಗೆ ಕೊಟ್ಟಿದ್ದೂ ನಾನೇ. ಅವ್ರು ಪಾಪದವ್ರು, ಅವ್ರನ್ನ ಅನ್ಬೇಡ" ಅಂದ.

ಫೋನು ಬಡಿದುಕೊಳ್ಳುವಷ್ಟು ಬಡಿದುಕೊಂಡು ತಾನೇ ನಿಂತಿತು. ದೇವೀರಮ್ಮ ಧನ್ಯಾಳ ಕೈಯನ್ನು ಬಿಟ್ಟಳು.

ಕಳಸದ ಬಸ್ಸು ಬಂತು. ಬಸವರಾಜು ಕಿಟಕಿಯಿಂದ ಟವೆಲ್ ಹಾಕಿ ಇಬ್ಬರಿಗೂ ಸೀಟು ಹಿಡಿದ. ತಾನು ಮೊದಲು ಹತ್ತಿ, ಘಟ್ಟದ ದಾರಿಯಲ್ಲಿ ಅವಳಿಗೆ ವಾಂತಿಯಾಗುತ್ತದೆ ಅಂತ ಕಿಟಕಿ ಪಕ್ಕದ ಜಾಗ ಅವಳಿಗೇ ಬಿಟ್ಟು, ಹತ್ತು ಅಂತ ಕೈ ಮಾಡಿದ. ದೇವೀರಮ್ಮ ಹತ್ತಿ ಹೋಗಿ ಅವನ ಪಕ್ಕ ಕೂತಳು. ಮನೆಗೆ ಹೋಗೋಕೆ ಅವತ್ತು ಬೇರೆ ಬಸ್ಸಿರಲಿಲ್ಲ.